ಕ್ರಾಪು ಹೊಡೆದ ಹೆಸರು

ನಮ್ಮ ಪೇಟೆಯಲ್ಲಿ ವಿದೋಸಾವಾಳ ಕತ್ತರಿಗೆ ತಲೆ ಒಡ್ಡದವರು ಎರಡೇ ಜಾತಿ: ಬೊಕ್ಕತಲೆಯವರು ಮತ್ತು ಕೂದಲು ಕತ್ತರಿಸದೆ ಉದ್ದ ಬಿಡುವ ನಮ್ಮ ಪಾದ್ರಿಗಳು. ಉಳಿದವರೆಲ್ಲ, ಮೇಯರನಿಂದ ಹಿಡಿದು ಮೀನು ಮಾರುವವನ ತನಕ, ಅವಳ ಆ ಒಂದೇ ಕುರ್ಚಿಯಲ್ಲಿ ಕತ್ತು ಬಗ್ಗಿಸಿ ಕೂತವರೇ. ಎಲ್ಲರೂ ಕರೆಯುವುದು ವಿದಾ ಎಂದು. ಎಪ್ಪತ್ತರ ಹತ್ತಿರ ಬಂದರೂ ಕೈ ನಡುಗಿಲ್ಲ. ಮೊರಾವಾ ನದಿಗೆ ಮುಖ ಮಾಡಿದ ಒಂದು ಕೋಣೆ, ಅದರಲ್ಲಿ ಹೆಂಗಸರಿಗೂ ಗಂಡಸರಿಗೂ ಅದೇ ಕನ್ನಡಿ, ಮೂಲೆಯ ಒಲೆಯ ಮೇಲೆ ಸದಾ ಕಾಫಿ. ನಾಲಿಗೆ ಮಾತ್ರ ಕತ್ತರಿಗಿಂತ ಹರಿತ. ಹಿಡಿದರೆ ಉಡದ ಪಟ್ಟು. ನಮ್ಮಲ್ಲಿ ಇಂಥ ಹಟಕ್ಕೆ ‘ಇನಾತ್’ ಎನ್ನುತ್ತಾರೆ, ಬೈಯುವಾಗಲೂ ಅದೇ ಮಾತು, ಹೊಗಳುವಾಗಲೂ ಅದೇ ಮಾತು.

ಹೋದ ವರ್ಷ ನದಿಗೆ ಹೊಸ ಸೇತುವೆ ಮುಗಿಯಿತು. ಹೆಸರಿಡಬೇಕಲ್ಲ? ಯಾರ ಹೆಸರಿಟ್ಟರೂ ಇನ್ನೊಬ್ಬರ ಬೈಗುಳ ತಪ್ಪದು ಎಂದು ಪುರಸಭೆಯವರಿಗೆ ಗೊತ್ತಿತ್ತು. ಜಾಣರು! ಆ ಕೆಲಸವನ್ನು ‘ಒಬಾಲಾ’ ಎಂಬ ಊರಿನ ಸುದ್ದಿತಾಣದ ಕೊರಳಿಗೆ ಕಟ್ಟಿಬಿಟ್ಟರು. ಜನ ಫೋನಿನಲ್ಲೇ ತಮಗೆ ಬೇಕಾದ ಹೆಸರು ಬರೆದು ಕಳಿಸಲಿ, ಹೆಚ್ಚು ಮತ ಬಿದ್ದ ಹೆಸರನ್ನು ಸಭೆ ಒಪ್ಪಿಕೊಳ್ಳುತ್ತದೆ ಎಂದರು.

ನಿಜವಾಗಿ ಪೈಪೋಟಿ ಇದ್ದದ್ದು ಎರಡೇ ಹೆಸರಿಗೆ. ಒಂದು ತೋಮಾ. ಪ್ಲಮ್ ಹಣ್ಣಿನ ದೊಡ್ಡ ವ್ಯಾಪಾರಿ, ಊರಿಗೆ ಆಟದ ಮೈದಾನ ಮಾಡಿಸಿಕೊಟ್ಟ ಪುಣ್ಯಾತ್ಮ, ತೀರಿಕೊಂಡು ಬಹಳ ಕಾಲವಾಯಿತು. ಅವನ ಮಗ ಗ್ರಾದಿಮೀರ್ ಈಗ ಪುರಸಭೆಯ ಸದಸ್ಯ. ಇನ್ನೊಂದು ಜುರ್ಜಿಯಾ. ಸೇತುವೆ ಎದ್ದಿರುವ ಜಾಗದಲ್ಲೇ ಮೊದಲು ಕಡವು ಇತ್ತು. ಈ ದಡದಿಂದ ಆ ದಡಕ್ಕೆ ಎಳೆದು ಕಟ್ಟಿದ ತಂತಿ, ಅದರ ಮೇಲೆ ಓಡುವ ರಾಟೆ, ಕೆಳಗೆ ಗಾಡಿ ಕುದುರೆ ಸಮೇತ ದಾಟಿಸುವ ಚಪ್ಪಟೆ ದೋಣಿ. ಗಂಡ ಸತ್ತ ಮೇಲೆ ಮುಪ್ಪು ಬರುವ ತನಕ ಆ ದೋಣಿ ನಡೆಸಿದ ಅಂಬಿಗಿತ್ತಿ ಜುರ್ಜಿಯಾ. ಮಕ್ಕಳಿಲ್ಲ, ಮರಿಯಿಲ್ಲ. ಮನೆದೇವರ ಹಬ್ಬಕ್ಕೆ ಮೇಣದಬತ್ತಿ ಹಚ್ಚಲು ವಂಶದಲ್ಲಿ ಯಾರೂ ಉಳಿಯದಿದ್ದರೆ ನಮ್ಮವರು ‘ಅವರ ಬತ್ತಿ ಆರಿತು’ ಎನ್ನುತ್ತಾರೆ. ಜುರ್ಜಿಯಾಳ ಬತ್ತಿ ಆರಿತ್ತು.

ಫಲಿತಾಂಶ ಬಂತು. ಮೊದಲನೆಯದು ತೋಮಾ. ಎರಡನೆಯದು ಜುರ್ಜಿಯಾ. ಮೂರನೆಯದು ಜುರ್ಜಿಯಾ. ಐದನೆಯದೂ ಏಳನೆಯದೂ ಜುರ್ಜಿಯಾ!

ವಿದಾ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಡ್ರೈಯರಿನ ಕೆಳಗೆ ಕೂತಿದ್ದ ಪಕ್ಕದ ಮನೆಯ ಮಿಲೇವಾಳಿಗೆ ಫೋನು ಚಾಚಿದಳು. “ನೋಡೇ, ನನ್ನ ಕಣ್ಣು ಕೆಟ್ಟಿದೆಯಾ, ಇವರ ತಲೆ ಕೆಟ್ಟಿದೆಯಾ?”

ಮಿಲೇವಾ ನೋಡಿದಳು. “ಅಯ್ಯೋ ದೇವರೇ, ಒಬ್ಬಳನ್ನೇ ನಾಲ್ಕು ತುಂಡು ಮಾಡಿದಾರಲ್ಲೇ!”

ಆಗಿದ್ದಿಷ್ಟು. ನಮ್ಮ ಭಾಷೆಗೆ ಎರಡು ಲಿಪಿ. ಶಾಲೆ, ಚರ್ಚು, ಸತ್ತವರ ಸುದ್ದಿಯ ಚೀಟಿ ಸಿರಿಲಿಕ್‌ನಲ್ಲಿ. ಅಂಗಡಿ ಬೋರ್ಡು, ಫೋನಿನ ಹರಟೆ ಲ್ಯಾಟಿನ್‌ನಲ್ಲಿ. ಅದು ಎರಡು ಎಂದು ಯಾರಿಗೂ ಅನ್ನಿಸುವುದಿಲ್ಲ. ನಿಂತವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ ಹಾಗೆ ಬದಲಿಸುತ್ತಿರುತ್ತೇವೆ. ಜುರ್ಜಿಯಾ ಎಂಬ ಹೆಸರಿನಲ್ಲಿ ಒಂದು ಫಜೀತಿಯ ಅಕ್ಷರ ಎರಡು ಸಲ ಬರುತ್ತದೆ. ಲ್ಯಾಟಿನ್‌ನಲ್ಲಿ ಸರಿಯಾಗಿ ಬರೆದರೆ ‘ಡಿ’ಗೆ ಅಡ್ಡಗೀಟು ಬೇಕು. ಫೋನಿನಲ್ಲಿ ಆ ಗೀಟು ಹುಡುಕುವ ತಾಳ್ಮೆ ಯಾರಿಗಿದೆ? ಕೆಲವರು ಬರಿಯ ‘ಡಿ’ ಒತ್ತುತ್ತಾರೆ, ಕೆಲವರು ‘ಡಿ’ ಜೊತೆ ‘ಜೆ’ ಒತ್ತುತ್ತಾರೆ. ಹೀಗೆ ಗೀಟು, ಕೊಂಬು ಎಲ್ಲ ಕಿತ್ತು ಬರೆಯುವುದಕ್ಕೆ ನಮ್ಮಲ್ಲಿ ‘ಕ್ರಾಪು ಹೊಡೆದ ಲ್ಯಾಟಿನ್’ ಎಂದೇ ಹೆಸರು. ಓದುವವರಿಗೆ ತೊಡಕಿಲ್ಲ. ಯಂತ್ರ ಮಾತ್ರ ನಾಲ್ಕು ಬರವಣಿಗೆಯನ್ನು ನಾಲ್ಕು ಹೆಂಗಸರೆಂದು ತಿಳಿಯಿತು. ಕೂಡಿಸಿದರೆ ಜುರ್ಜಿಯಾಳ ಮತ ತೋಮಾನಿಗಿಂತ ಅರವತ್ತು ಜಾಸ್ತಿ.

ವಿದಾ ಆ ಸುದ್ದಿಯ ಕೆಳಗೆ ಮರ್ಯಾದೆಯಿಂದಲೇ ಬರೆದಳು: ‘ನಾಲ್ಕೂ ಒಬ್ಬಳೇ. ದಯವಿಟ್ಟು ಕೂಡಿಸಿ.’

ಉತ್ತರ ಬಂತು: ‘ಪ್ರಿಯ ಓದುಗರೇ, ನಿಮ್ಮ ಕಾಳಜಿಗೆ ಧನ್ಯವಾದ. ಹೆಸರುಗಳನ್ನು ಬರೆದಂತೆಯೇ ಎಣಿಸಲಾಗಿದೆ. ಇದೊಂದು ತಮಾಷೆಯ ಸಮೀಕ್ಷೆ. ಒಬಾಲಾ ಬಳಗ.’

“ಬಳಗವಂತೆ ಬಳಗ!” ವಿದಾ ಉರಿದುಬಿದ್ದಳು. “ಆ ವುಕಾನ್ ಒಬ್ಬನೇ ಬೇಕರಿ ಮೇಲಿನ ಕೋಣೇಲಿ ಕೂತು ಬರೀತಾನೆ. ಹಾಲುಹಲ್ಲು ಬೀಳೋಕೆ ಮುಂಚೆಯಿಂದ ಅವನ ತಲೆ ಕತ್ತರಿಸ್ತಿದೀನಿ. ನನಗೇ ‘ಪ್ರಿಯ ಓದುಗರೇ’ ಅಂತಾನೆ!”

“ತಮಾಷೆ ಅಂದ್ಮೇಲೆ ಬಿಟ್ಟುಬಿಡೇ,” ಎಂದಳು ಮಿಲೇವಾ.

“ಕಬ್ಬಿಣದ ಬೋರ್ಡಿನ ಮೇಲೆ ಕೆತ್ತೋ ಹೆಸರು ತಮಾಷೇನಾ?”

ಅದನ್ನೇ ಬರೆದಳು. ಈ ಸಲದ ಉತ್ತರ: ‘ಸಮೀಕ್ಷೆ ಪಾರದರ್ಶಕವಾಗಿ ನಡೆದಿದೆ. ಎಣಿಸಿದ್ದು ಯಂತ್ರ. ಕುಣಿಯಲಾರದವರು ನೆಲ ಡೊಂಕು ಎನ್ನುವುದು ಸಹಜ.’ ವಿದಾ ಮೂರನೇ ಸಲ ಬರೆದಾಗ ‘ಕತ್ತೆ’ ಎಂಬ ಒಂದು ಪದ ಸೇರಿಕೊಂಡಿತು. ಅಷ್ಟಕ್ಕೇ ಕಾಯುತ್ತಿದ್ದವರಂತೆ ಅವಳು ಬರೆದದ್ದನ್ನೆಲ್ಲ ಅಳಿಸಿಹಾಕಿದರು. ‘ಸಭ್ಯ ಭಾಷೆಯ ಚರ್ಚೆಗೆ ಮಾತ್ರ ಇಲ್ಲಿ ಅವಕಾಶ’ ಎಂದು ಒಂದು ಸಾಲು ಅಂಟಿಸಿದರು. ಅದರ ಪಕ್ಕದಲ್ಲೇ ಹೆಸರಿಲ್ಲದ ಯಾರೋ ಮಹಾನುಭಾವ ಬರೆದದ್ದನ್ನು ಮುಟ್ಟಲಿಲ್ಲ: ‘ಸೇತುವೆಗೆ ಕುಡುಕಿಯ ಹೆಸರು ಯಾಕೆ? ಸುಗ್ಗಿಯಲ್ಲಿ ಮೂರು ದಿನ ದೋಣಿ ನಿಲ್ಲಿಸಿ ಬಿದ್ದುಕೊಂಡಿದ್ದವಳು ಅವಳು. ನಮ್ಮ ಹಿರಿಯರು ಮರೆತಿಲ್ಲ.’

ವಿದಾ ಅದನ್ನು ಓದಿ ಕೂತುಬಿಟ್ಟಳು. ಒಲೆಯ ಮೇಲೆ ಕಾಫಿ ಉಕ್ಕಿ ಸುರಿಯಿತು. ಏಳಲಿಲ್ಲ.

ಆ ಮೂರು ದಿನ ಏನೆಂದು ಈಗ ಈ ಭೂಮಿಯ ಮೇಲೆ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಆಗ ಅವಳಿಗೆ ಇಪ್ಪತ್ತೆರಡು. ಮದುವೆಯಾಗಿದ್ದದ್ದು ಆಚೆ ದಡದ ಹಳ್ಳಿಗೆ. ಗಂಡ ಹೊಡೆಯುತ್ತಿದ್ದ. ಕುಡಿದರೂ ಹೊಡೆಯುತ್ತಿದ್ದ, ಕುಡಿಯಲು ಸಿಗದಿದ್ದರೂ ಹೊಡೆಯುತ್ತಿದ್ದ. ಒಂದು ಬೆಳಿಗ್ಗೆ ಅವನ ಕೈ ತೊಟ್ಟಿಲ ಕಡೆಗೆ ಎದ್ದಿತು. ಅವನು ಹೊಲಕ್ಕೆ ಹೋದದ್ದೇ ತಡ, ವಿದಾ ಮಗುವನ್ನು ಎದೆಗೆ ಕಟ್ಟಿಕೊಂಡು ಓಡಿ ಕಡವಿಗೆ ಬಂದಳು. ಜುರ್ಜಿಯಾ ಅವಳ ಮುಖ ನೋಡಿದಳು. ತುಟಿ ಒಡೆದಿತ್ತು. ಏನೂ ಕೇಳಲಿಲ್ಲ, ಗಾಡಿಗಳಿಗೂ ಕಾಯಲಿಲ್ಲ, ಅವಳೊಬ್ಬಳನ್ನೇ ಹತ್ತಿಸಿಕೊಂಡು ದಾಟಿಸಿದಳು. ಈ ದಡಕ್ಕೆ ಬಂದ ಕೂಡಲೇ ತಂತಿಯಿಂದ ರಾಟೆ ಬಿಚ್ಚಿ ಮಂಚದ ಕೆಳಗೆ ತಳ್ಳಿದಳು. ಈ ದಡದಲ್ಲಿ ಕೇಳಿದವರಿಗೆಲ್ಲ “ರಾಟೆ ಮುರೀತು” ಎಂದಳು. ಮೇಲಿನ ಸೇತುವೆ ಸುತ್ತಿ ಬರಬೇಕಾದರೆ ಒಂದು ದಿನದ ದಾರಿ, ಕುಡುಕನ ಕೋಪ ಅಷ್ಟು ದೂರ ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ವಿದಾಳ ಅಣ್ಣನಿಗೆ ಹೇಳಿಕಳಿಸಿದಳು. ಅಣ್ಣ ಬಂದು ತಲುಪುವ ತನಕ ಮೂರು ದಿನ ನದಿಯನ್ನೇ ಮುಚ್ಚಿಬಿಟ್ಟಳು.

ಆಚೆ ದಡದಲ್ಲಿ ತೋಮಾನ ಗಾಡಿಗಳು ನಿಂತಿದ್ದವು. ತುಂಬ ಪ್ಲಮ್ ಹಣ್ಣು, ಮೇಲೆ ಆಗಸ್ಟ್ ತಿಂಗಳ ಬಿಸಿಲು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ದೋಣಿಗೆ ಕಾದು ಕಾದು ಎಲ್ಲ ಕೊಳೆತುಹೋಯಿತು. ಅವತ್ತಿನಿಂದ ತೋಮಾನ ಬಾಯಲ್ಲಿ ರಾಟೆಯ ಮಾತು ಬರೀ ನೆಪ, ಅವಳು ಕುಡುಕಿ, ತೋಮಾನ ಬಾಯಿಂದ ಊರ ಬಾಯಲ್ಲೂ ಕುಡುಕಿ. ಜುರ್ಜಿಯಾ ತುಟಿ ಬಿಚ್ಚಲಿಲ್ಲ. ಗಂಡನ್ನ ಬಿಟ್ಟು ಮಗು ಎತ್ತಿಕೊಂಡು ಬಂದವಳು ಎಂದು ಗೊತ್ತಾದರೆ ಆ ಕಾಲದಲ್ಲಿ ಊರು ಬಿಡುತ್ತಿತ್ತೇ? “ನೀನು ಅಣ್ಣನ ಊರಿಂದ ಬಸ್ಸಲ್ಲಿ ಬಂದವಳು,” ಎಂದು, ಮುಂದೆ ಈ ಊರಲ್ಲೇ ನೆಲೆ ನಿಂತ ವಿದಾಳಿಗೆ ಕಟ್ಟಪ್ಪಣೆ ಮಾಡಿದ್ದಳು. “ಯಾರು ಕೇಳಿದ್ರೂ ಬಸ್ಸು. ನನಗೆ ಮಾತು ಕೊಡು.” ವಿದಾ ಮಾತು ಕೊಟ್ಟಿದ್ದಳು. ಹೀಗಾಗಿ ಸತ್ತವಳಿಗೆ ಈ ಲೋಕದಲ್ಲಿ ಉಳಿದದ್ದು ಒಂದು ಹೆಸರು, ಒಂದು ಅಪವಾದ. ಈಗ ಆ ಹೆಸರನ್ನೂ ನಾಲ್ಕು ಚೂರು ಮಾಡಿ ಎಸೆದಿದ್ದರು.

“ನಾನು ಬದುಕಿರೋವರೆಗೂ ಆಗಲ್ಲ,” ಎಂದಳು ವಿದಾ ಗಟ್ಟಿಯಾಗಿ. ಕೋಣೆಯಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ವುಕಾನನೇ ಬಂದ. ಮಧ್ಯಾಹ್ನ ಪುರಸಭೆಗೆ ಫಲಿತಾಂಶ ಒಪ್ಪಿಸುವ ಸಮಾರಂಭ, ಬೆಲ್‌ಗ್ರೇಡಿನಿಂದ ಟಿವಿಯವರು ಬರುವವರಿದ್ದರು. ಬಾಗಿಲಲ್ಲೇ ನಿಂತು ಹಲ್ಲುಕಿರಿದ. “ವಿದಾ ಅತ್ತೆ, ನನ್ನ ಮೇಲೆ ಕೋಪ ಇಲ್ವಲ್ಲ?”

“ಕೋಪಾನಾ? ನಿನ್ನ ಮೇಲಾ? ಬಾ ಮಗಾ, ಕೂತ್ಕೋ. ಹೇಗೆ ಮಾಡ್ಲಿ?”

“ಎರಡೂ ಪಕ್ಕ ಸಣ್ಣಗೆ. ಮೇಲೆ ಸ್ವಲ್ಪ ಬಿಡಿ.”

ಮಿಲೇವಾ ಡ್ರೈಯರಿನಿಂದ ತಲೆ ಹೊರಗೆಳೆದು ನೋಡಿದಳು. ವಿದಾ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಈ ಜನ್ಮದಲ್ಲಿ ಕೇಳಿರಲಿಲ್ಲ. ವಿದಾ ಬಲಗಡೆ ಮೆಷೀನು ಓಡಿಸಿದಳು, ಅಚ್ಚುಕಟ್ಟಾಗಿ, ಕಿವಿಯ ಸುತ್ತ ಒಂದು ಎಳೆ ಬಿಡದೆ. ಆಮೇಲೆ ಮೆಷೀನು ಆರಿಸಿ ಬಟ್ಟೆ ಕೊಡವಿದಳು. “ಆಯ್ತು. ಏಳು.”

“ಆಯ್ತಾ? ಅತ್ತೆ, ಈ ಕಡೆ?”

“ಯಾವ ಕಡೆ?”

“ಎಡಗಡೆ! ಅರ್ಧ ಹಾಗೇ ಇದೆಯಲ್ಲ!”

ವಿದಾ ಕನ್ನಡಕ ಏರಿಸಿ ನೋಡಿದಳು. “ಅದು ನಿಂದೇ ತಲೇನಾ? ನೋಡೋಕೆ ಬೇರೆ ಥರ ಇದೆಯಲ್ಲೋ. ಇಲ್ಲಿ ಕ್ರಾಪು, ಅಲ್ಲಿ ಪೊದೆ. ನನ್ನ ಮೆಷೀನು ಒಂದು ತಲೆ ಅಂತ ಎಣಿಸ್ತು. ಇನ್ನೊಂದು ಯಾರದೋ ಏನೋ, ಪ್ರಿಯ ಓದುಗರೇ.”

ಮಿಲೇವಾ ನಕ್ಕ ರಭಸಕ್ಕೆ ತಲೆಯ ಸುರುಳಿಯೊಂದು ಕಳಚಿ ಬಿತ್ತು. ವುಕಾನನ ಕಿವಿ ಕೆಂಪಾಯಿತು. “ತಮಾಷೆ ಸಾಕು ಅತ್ತೆ, ಟಿವಿಯವರು ಬರ್ತಾರೆ.”

“ಸಮೀಕ್ಷೇನೂ ತಮಾಷೆ ಅಂತ ನೀನೇ ಬರೆದಿದ್ದೆ. ಇದೂ ತಮಾಷೆ. ಕೂದಲು ಕತ್ತರಿಸಿದ ಮಾತ್ರಕ್ಕೆ ಮನುಷ್ಯ ಇನ್ನೊಬ್ಬನಾಗ್ತಾನೇನೋ? ಜನ್ಮವೆಲ್ಲ ತಲೆ ಕತ್ತರಿಸಿದೀನಿ, ಪೊದೆ ಹೊತ್ಕೊಂಡು ಒಳಗೆ ಬಂದೋನೇ ಕ್ರಾಪು ಹೊಡೆಸ್ಕೊಂಡು ಹೊರಗೆ ಹೋಗಿದಾನೆ. ಅಕ್ಷರದ ಗೀಟು ಕತ್ತರಿಸಿದ್ರೆ ಜುರ್ಜಿಯಾ ಬೇರೆಯವಳಾದ್ಲಾ?”

“ನಾನೇನು ಮಾಡ್ಲಿ? ಎಣಿಸಿದ್ದು ಯಂತ್ರ!”

“ಯಂತ್ರಕ್ಕೆ ಬಾಯಿಲ್ಲ ಅಂತ ಎಲ್ಲ ಅದರ ತಲೆ ಮೇಲೆ ಹಾಕ್ತೀಯಾ? ನೀನು ಕೈಯೇ ಹಾಕಿಲ್ವಾ?”

“ದೇವರಾಣೆ ಇಲ್ಲ. ಒಂದು ಸಾಲೂ ಮುಟ್ಟಿಲ್ಲ. ತೋಮಾದು ಬಿಟ್ರೆ.”

ವಿದಾ ಮೆಷೀನನ್ನು ಮೇಜಿನ ಮೇಲಿಟ್ಟಳು. “ತೋಮಾದು ಬಿಟ್ರೆ ಅಂದ್ರೆ?”

“ಅದು ಎರಡು ಸಾಲು ಬಂದಿತ್ತು. ನೋಡೋಕೆ ಎರಡೂ ಒಂದೇ. ಯಂತ್ರ ತಪ್ಪಿ ಎರಡು ಸಲ ಹಾಕಿದೆ ಅಂದ್ಕೊಂಡು ಕೂಡಿ...” ಅಷ್ಟಕ್ಕೆ ಅವನ ಬಾಯಿ ನಿಂತಿತು.

ತೋಮಾ ಎಂಬ ಹೆಸರಿನ ಅದೃಷ್ಟ ನೋಡಿ. ಕ್ಯಾಪಿಟಲ್ ಅಕ್ಷರದಲ್ಲಿ ಬರೆದರೆ ಅದರ ಟಿ, ಓ, ಎಂ, ಎ ನಾಲ್ಕು ಅಕ್ಷರಕ್ಕೂ ಎರಡೂ ಲಿಪಿಯಲ್ಲಿ ಒಂದೇ ಮುಖ. ಒಬಾಲಾದ ಪಟ್ಟಿ ಇದ್ದದ್ದು ಕ್ಯಾಪಿಟಲ್ ಅಕ್ಷರದಲ್ಲೇ. ಯಂತ್ರ ಅದನ್ನೂ ಇಬ್ಬರು ಎಂದೇ ಎಣಿಸಿತ್ತು. ವುಕಾನನ ಕಣ್ಣಿಗೆ ಒಬ್ಬನಂತೆ ಕಂಡದ್ದರಿಂದ ಕೂಡಿಸಿದ್ದ. ಜುರ್ಜಿಯಾಳ ಸಾಲುಗಳು ಒಂದರಂತೆ ಒಂದು ಕಾಣಲಿಲ್ಲ, ಬಿಟ್ಟಿದ್ದ. ಕಳ್ಳತನವಲ್ಲ, ಹುಡುಗ ಅಂಥವನಲ್ಲ. ಶುದ್ಧ ಸೋಮಾರಿತನ, ಆಮೇಲೆ ಅದನ್ನು ಮುಚ್ಚಲು ದೊಡ್ಡ ದೊಡ್ಡ ಮಾತು. ಕನ್ನಡಿಯಲ್ಲಿ ಅವನಿಗೆ ತನ್ನ ಅರ್ಧ ಬೋಳು, ಅರ್ಧ ಪೊದೆ ಕಾಣುತ್ತಿತ್ತು.

“ಥೂ,” ಎಂದ ತನಗೆ ತಾನೇ. “ತಪ್ಪಾಯ್ತು ಅತ್ತೆ. ಕೂಡಿಸ್ತೀನಿ. ತಪ್ಪು ನಂದೇ ಅಂತಾನೂ ಬರೀತೀನಿ. ಆದ್ರೆ ಗ್ರಾದಿಮೀರ್ ಸುಮ್ನಿರ್ತಾರಾ? ಆ ಮೂರು ದಿನದ ಕಥೆ ಎತ್ತುತಾರೆ. ಕುಡುಕಿ ಹೆಸರು ಬೇಡ ಅಂತ ಸಭೇಲಿ ನಿಂತ್ರೆ ಅರ್ಧ ಜನ ಅವರ ಕಡೆ.”

ವಿದಾ ಕಿಟಕಿಯ ಕಡೆ ತಿರುಗಿದಳು. ಮಾತು ಕೊಟ್ಟದ್ದು ನಿಜ. ಆದರೆ ಜುರ್ಜಿಯಾ ಆ ಮಾತು ಪಡೆದದ್ದು ವಿದಾಳ ಮಾನ ಉಳಿಯಲಿ ಎಂದು. ವಿದಾಳ ಮಾನಕ್ಕೆ ಈಗ ಏನಾಗಬೇಕು? ಗಂಡ ಸತ್ತು ಮಣ್ಣಾಗಿದ್ದ. ಮಗಳು ದೊಡ್ಡವಳಾಗಿ ಮೊಮ್ಮಗನಿಗೂ ಮೀಸೆ ಬಂದಿತ್ತು. ಈ ಲೆಕ್ಕದಲ್ಲಿ ಇನ್ನೂ ಬೈಸಿಕೊಳ್ಳುತ್ತಿರುವವಳು ಒಬ್ಬಳೇ, ಅವಳು ಬಾಯಿಬಿಡಲಾರಳು.

“ಡ್ರೈಯರ್ ಆರಿಸೇ ಮಿಲೇವಾ,” ಎಂದಳು. “ನೀನೂ ಕೇಳು.”

ಒಂದನ್ನೂ ಬಿಡದೆ ಹೇಳಿದಳು. ಒಡೆದ ತುಟಿ, ರಾಟೆ, ಮಂಚದ ಕೆಳಗು, ಬಸ್ಸಿನ ಸುಳ್ಳು. ಧ್ವನಿ ಒಂದು ಸಲವೂ ನಡುಗಲಿಲ್ಲ. ಮಿಲೇವಾ ಮಾತ್ರ ಏಪ್ರನ್ನಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, “ನನಗೂ ಹೇಳ್ಲಿಲ್ವಲ್ಲೇ ಪಾಪಿ, ಇಷ್ಟು ವರ್ಷ ನಿನ್ನ ಕಾಫಿ ಕುಡ್ದಿದೀನಿ,” ಎನ್ನುತ್ತಿದ್ದಳು.

ವುಕಾನ್ ಕುರ್ಚಿಯಲ್ಲೇ ಅವಳ ಕಡೆ ತಿರುಗಿ ಕೇಳಿದ. “ಇದನ್ನ ಹಾಕ್ಲಾ ಅತ್ತೆ? ನಿಮ್ಮ ಹೆಸರು ಬೇಡ. ‘ಒಬ್ಬ ಓದುಗರು’ ಅಂತ ಹಾಕ್ತೀನಿ.”

“ಒಬ್ಬ ಓದುಗರು ಅನ್ನೋಳು ಈ ಊರಲ್ಲಿ ಯಾರೂ ಇಲ್ಲ. ವಿದೋಸಾವಾ ಅಂತ ಬರಿ. ಕ್ಷೌರದ ವಿದೋಸಾವಾ. ಪೂರ್ತಿ ಬರಿ.” ಹಾಗೆಂದು ಅವನ ತಲೆಯನ್ನು ಬಲಕ್ಕೆ ತಿರುಗಿಸಿ ಎಡಗಡೆ ಮೆಷೀನು ಇಟ್ಟಳು. “ಅಲ್ಲಾಡಬೇಡ.”

ಹುಡುಗ ಮಾತಿಗೆ ತಪ್ಪಲಿಲ್ಲ. ಮಧ್ಯಾಹ್ನ ಟಿವಿಯವರ ಮುಂದೆಯೇ, ಎಣಿಕೆ ತಪ್ಪಿದ್ದು ತನ್ನಿಂದ, ಹಾರಿಕೆಯ ಉತ್ತರ ಬರೆದದ್ದೂ ತಾನೇ ಎಂದು ಒಪ್ಪಿಕೊಂಡ. ಅಳಿಸಿದ್ದನ್ನೆಲ್ಲ ವಾಪಸ್ಸು ಹಾಕಿದ, ‘ಕತ್ತೆ’ಯ ಸಮೇತ. ವಿದಾಳ ಮಾತೂ ಅವಳ ಹೆಸರಿನ ಕೆಳಗೆ ಬಂತು. ಸಂಜೆಯೊಳಗೆ ಊರೆಲ್ಲ ಓದಿತ್ತು. ಸಭೆ ಮಾತ್ರ ತೀರ್ಮಾನವನ್ನು ಸೋಮವಾರಕ್ಕೆ ಮುಂದೂಡಿತು, ಏಕೆಂದರೆ ಗ್ರಾದಿಮೀರ್ ಎದ್ದು ನಿಂತು “ನಾನು ಯೋಚಿಸಬೇಕು” ಎಂದಷ್ಟೇ ಹೇಳಿ ಹೊರಟುಹೋಗಿದ್ದ. ಅವನು ಒಪ್ಪದಿದ್ದರೆ ಸಭೆಯಲ್ಲಿ ಅರ್ಧ ಜನ ಒಪ್ಪುವುದಿಲ್ಲ.

ಶನಿವಾರ ಅವನು ಸಲೂನಿನ ಬಾಗಿಲು ತಳ್ಳಿಕೊಂಡು ಬಂದಾಗ ಮಿಲೇವಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಭಾರೀ ಆಳು, ಅಪ್ಪನದೇ ಹುಬ್ಬು. ಟೊಪ್ಪಿ ತೆಗೆದು ಕುರ್ಚಿಯಲ್ಲಿ ಕೂತ.

“ಅಪ್ಪ ಸಾಯೋವರೆಗೂ ಅವಳನ್ನ ಬೈದ,” ಎಂದ.

“ಗೊತ್ತು. ಇದೇ ಕುರ್ಚೀಲಿ ಕೂತು ಬೈತಿದ್ರು. ಕತ್ತಿನ ಹತ್ರ ಕತ್ತಿ ಹಿಡ್ಕೊಂಡು ನಾನು ಕೇಳಿಸ್ಕೊತಿದ್ದೆ.”

“ಒಂದು ಮಾತು ಹೇಳಿದ್ರೆ ಸಾಕಿತ್ತು ವಿದಾ. ಅಪ್ಪ ಒರಟ, ಕೆಟ್ಟೋನಲ್ಲ. ಹಣ್ಣು ಹಾಳಾಗಿ ಹೋಗಲಿ ಅಂತಿದ್ದ. ನಿನ್ನ ಗಂಡನ ಕಾಲು ಮುರೀತಿದ್ದ.”

“ಇರಬಹುದು. ಆಗ ಯಾರನ್ನ ನಂಬಬೇಕು ಅಂತ ನನಗೆ ಗೊತ್ತಿರ್ಲಿಲ್ಲ. ಅವಳೊಬ್ಬಳನ್ನ ನಂಬಿದ್ದೆ.”

ಗ್ರಾದಿಮೀರ್ ಟೊಪ್ಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ ಕೂತ. “ಆ ಗಾಡಿಗಳ ಹತ್ರ ನಾನೂ ಇದ್ದೆ. ಮೀಸೆ ಬರ್ತಿದ್ದ ವಯಸ್ಸು. ಹಣ್ಣಿಗೆ ಕಣಜದ ಹುಳ ಮುತ್ಕೊಂಡಿದ್ವು. ಈ ದಡ ಚೆನ್ನಾಗಿ ಕಾಣ್ತಿತ್ತು. ಅವಳ ಗುಡಿಸಲ ಬಾಗಿಲು ಮುಚ್ಚಿತ್ತು. ಅಪ್ಪ ಕೂಗಿ ಕೂಗಿ ಗಂಟಲು ಹರ್ಕೊಂಡ. ಅವಳು ಬಾಗಿಲಿಗೂ ಬರ್ಲಿಲ್ಲ. ಕುಡ್ದು ಬಿದ್ದಿರಬೇಕು ಅಂತ ಮೊದಲು ಹೇಳಿದ್ದು ನಾನೇ, ಅಪ್ಪ ಅಲ್ಲ.” ಮುಖ ಎತ್ತಿ ಕನ್ನಡಿಯಲ್ಲಿ ವಿದಾಳನ್ನು ನೋಡಿದ. “ಏನು ಮಾಡ್ತಿದ್ಲು ಒಳಗೆ, ಅಷ್ಟು ಹೊತ್ತು?”

“ನನ್ನ ಮಗೂನ ತೂಗ್ತಿದ್ಲು,” ಎಂದಳು ವಿದಾ. “ನಾನು ಮಲಗಿದ್ದೆ. ಮದುವೆ ಆದಮೇಲೆ ಹೆದರಿಕೆ ಇಲ್ದೆ ನಿದ್ದೆ ಮಾಡಿದ್ದು ಅದೇ ಮೊದಲು. ಕೂಗು ಕೇಳಿ ಎದ್ದು ಕೂತಾಗಲೆಲ್ಲ, ‘ಮಲ್ಕೋ, ಹಣ್ಣಿಗೆ ಬೈತಿದಾರೆ, ನಿನಗಲ್ಲ’ ಅಂತಿದ್ಲು.”

ಗ್ರಾದಿಮೀರ್ ದೊಡ್ಡ ಅಂಗೈಯಿಂದ ಮುಖ ಉಜ್ಜಿಕೊಂಡ.

“ಸೋಮವಾರ ಸಭೇಲಿ ಆ ಹೆಸರು ನಾನೇ ಓದ್ತೀನಿ,” ಎಂದ. “ಈಗ ಕೂದಲು ಸ್ವಲ್ಪ ಸರಿಮಾಡು. ಹಾಗೇ ಹೋಗಿ ನಿಲ್ಲೋಕಾಗಲ್ಲ.”

ವಿದಾ ಅವನ ಕೊರಳಿಗೆ ಬಟ್ಟೆ ಕಟ್ಟಿದಳು. “ಅಲ್ಲಾಡಬೇಡ,” ಎಂದು ಕತ್ತರಿ ಎತ್ತಿಕೊಂಡಳು.